ಬಾಳೆಲೆಗೆ ಎರಡೂ ಕೈ ಅಡ್ಡ ಬಂದ ಮೇಲೆ

ನಮ್ಮ ಉಡುಪಿ ಕಡೆ ಊಟದ ಪಂಕ್ತಿಯಲ್ಲಿ ಒತ್ತಾಯ ಅಂದರೆ ಕೆಟ್ಟ ಮಾತಲ್ಲ. "ಒತ್ತಾಯ ಮಾಡಿ ಬಡಿಸಿದರು" ಅಂದರೆ ಹೊಗಳಿಕೆ. ಹೋಳಿಗೆ ಹಿಡಿದು ಬಂದವರು ಒಂದೇ ಸಲ ಕೇಳಿ ಮುಂದೆ ಹೋದರೆ, ಬಡಿಸುವವರಿಗೆ ಮನಸ್ಸೇ ಇಲ್ಲ ಅಂತ ಆಮೇಲೆ ಮಾತು ಬರುತ್ತದೆ. ಉಣ್ಣುವವರಿಗೂ ಲೆಕ್ಕ ಗೊತ್ತು. ಮೊದಲನೇ "ಬೇಡ" ಮರ್ಯಾದೆಗೆ. ಎರಡನೇ "ಬೇಡ" ಅರ್ಧ ಮನಸ್ಸಿನದ್ದು. ಮೂರನೇ ಸಲ ಅವರು ಎರಡೂ ಕೈ ಎಲೆಗೆ ಅಡ್ಡ ಹಿಡಿದು ಬಗ್ಗಿಬಿಡುತ್ತಾರಲ್ಲ, ಅದು ನಿಜವಾದ ಬೇಡ. ಆಗಲೂ ಬೆರಳ ಸಂದಿಯಿಂದ ಪಾಯಸ ಸುರಿಯುವವರಿದ್ದಾರೆ, ಅದೂ ಎದುರಿಗಿದ್ದವರಿಗೆ ಶುಗರ್ ಇದೆ ಅಂತ ಗೊತ್ತಿದ್ದೂ.

ತೊಂದರೆ ಏನೆಂದರೆ ಈ ಪಂಕ್ತಿಯ ಅಭ್ಯಾಸವನ್ನು ನಾವು ಊಟದ ಹೊರಗೂ ಒಯ್ಯುತ್ತೇವೆ. ಮಗಳ ಕೋರ್ಸು, ಅಪ್ಪನ ಸ್ಕೂಟರು, ತಂಗಿಯ ಸಹಿ, ಅಮ್ಮನ ಆಪರೇಶನ್ನು. ಎಲ್ಲ ಕಡೆಯೂ ನಾವು "ಒಪ್ಪಿಸಿದೆ" ಅಂತಲೇ ಹೇಳುವುದು. ಈ ಪದವೇ ಸ್ವಲ್ಪ ಮೋಸದ್ದು ನೋಡಿ. ಮನಸ್ಸು ಒಪ್ಪುವಂತೆ ಮಾಡುವುದೂ ಒಪ್ಪಿಸುವುದೇ, ಕಳ್ಳನನ್ನು ಪೊಲೀಸರಿಗೆ ಕೊಡುವುದೂ ಒಪ್ಪಿಸುವುದೇ, ಮಕ್ಕಳು ಅರ್ಥವಾಗದೆ ಮಗ್ಗಿ ಹೇಳುವುದೂ ಒಪ್ಪಿಸುವುದೇ. ಮನೆಯಲ್ಲಿ ನಾವು ಮಾಡುವುದು ಬಹಳ ಸಲ ಎರಡನೆಯದ್ದೋ ಮೂರನೆಯದ್ದೋ ಆಗಿರುತ್ತದೆ.

ನಾನೂ ಮಾಡಿದವನೇ. ಅಮ್ಮ ಇರುವುದು ಶಂಕರಪುರದ ಹತ್ತಿರ. ಮನೆ ಹಿಂದೆ ಮಲ್ಲಿಗೆ ಗಿಡಗಳಿವೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಹೂ ಒಯ್ಯುವವರು ಬರುವುದರೊಳಗೆ ರೆಡಿ ಇಡಬೇಕು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಟ್ಟುವ ಕೆಲಸ ಕೈಗೆ ಗೊತ್ತು, ಕಣ್ಣು ಬೇಡ. ಕೊಯ್ಯುವಾಗ ಮಾತ್ರ ಮೊಗ್ಗು ಎಲೆಯ ನಡುವೆ ತಪ್ಪಿಹೋಗಿ ಸಂಜೆಗೆ ಗಿಡದಲ್ಲೇ ಅರಳಿ ನಿಂತಿರುತ್ತಿತ್ತು.

ಪೊರೆಯ ಆಪರೇಶನ್ ಮಾಡಿಸುವ ಅಂತ ನಾನು ಮಂಗಳೂರಿನಿಂದ ಫೋನಿನಲ್ಲಿ ಹೇಳಿದೆ. ಬೇಡ ಅಂದಳು. ಮತ್ತೆ ಹೇಳಿದೆ, ಮತ್ತೆ ಬೇಡ. ಆಮೇಲೆ ಅವಳನ್ನು ಕೇಳದೆ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿದೆ, ಮುಂಗಡ ಕಟ್ಟಿದೆ, ಮುಂಬೈಯ ಸೋದರಮಾವನಿಂದ ಫೋನ್ ಮಾಡಿಸಿದೆ, ಸಾಲದ್ದಕ್ಕೆ ಏಳು ವರ್ಷದ ಮಗಳ ಬಾಯಲ್ಲಿ "ಅಜ್ಜಿ, ನೀನು ಕಣ್ಣು ಸರಿ ಮಾಡಿಸ್ಲಿಲ್ಲ ಅಂದ್ರೆ ನಾನು ರಜೆಗೆ ಬರುದಿಲ್ಲ" ಅಂತ ಹೇಳಿಸಿದೆ. ಅಮ್ಮ ಬಂದಳು. ದಾರಿಯಲ್ಲಿ ಒಂದು ಮಾತಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ ಮೇಲೆ ಹೋಗಿ ಕೂತಿದೆ. ಡಾಕ್ಟರು ಸಹಿಯ ಕಾಗದ ಹಿಡಿದು ಕೇಳಿದರು, "ಅಮ್ಮ, ನಿಮಗೆ ಒಪ್ಪಿಗೆ ಉಂಟಲ್ಲ?"

"ಮಗ ಹೇಳಿದ್ದಾನಲ್ಲ."

"ಮಗನದ್ದು ನಾನು ಕೇಳಲಿಲ್ಲ, ನಿಮ್ಮದು ಕೇಳಿದ್ದು."

ಅಮ್ಮ ಸೆರಗಿನ ತುದಿ ಮಡಚುತ್ತಾ ಕೂತಳು. ಡಾಕ್ಟರು ನಮ್ಮನ್ನು ಮನೆಗೆ ಕಳಿಸಿದರು. ಬಿಪಿ ಇಳಿಯಲಿ, ಮನಸ್ಸೂ ಸರಿಯಾಗಲಿ, ಅವರೇ ಬರ್ತೇನೆ ಅಂದಾಗ ಕರೆದುಕೊಂಡು ಬನ್ನಿ ಅಂದರು. ನನಗೆ ಆವತ್ತು ಸಿಟ್ಟೇ ಬಂದಿತ್ತು. ಆಮೇಲೆ ಗೊತ್ತಾಯಿತು, ಅವರು ಮಾಡಿದ್ದೇ ಸರಿ ಅಂತ. 2008ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಇದೆ. ಬರೀ ತಪಾಸಣೆಗೆಂದು ಒಪ್ಪಿ ಅರಿವಳಿಕೆ ತೆಗೆದುಕೊಂಡಿದ್ದ ಮಹಿಳೆಯೊಬ್ಬರ ಗರ್ಭಕೋಶ ತೆಗೆಯಲು, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದಿದ್ದರು. ಅದು ನಡೆಯುವುದಿಲ್ಲ ಅಂತ ಕೋರ್ಟ್ ಹೇಳಿತು. ಬುದ್ಧಿ ಸರಿಯಿರುವ ವಯಸ್ಕರ ದೇಹಕ್ಕೆ ಅವರದ್ದೇ ಒಪ್ಪಿಗೆ ಬೇಕು, ಜೀವ ಉಳಿಸುವ ತುರ್ತು ಇದ್ದರೆ ಮಾತ್ರ ಬೇರೆ. ತಾಯಿಯ ಒಪ್ಪಿಗೆಯೇ ಸಾಲದು ಅಂದ ಮೇಲೆ ಮಗನದ್ದು ಯಾವ ಲೆಕ್ಕ?

ಆಮೇಲೆ ಮೊದಲಿಂದ ಶುರು ಮಾಡಿದೆ. ಆಗ ಕಲಿತದ್ದನ್ನು, ಕೆಲವು ಬೇರೆ ಕಡೆ ನೋಡಿದ್ದನ್ನು ಹಂತ ಹಂತವಾಗಿ ಬರೆಯುತ್ತೇನೆ.

ಹಂತ 1: ಮಾತು ಶುರು ಮಾಡುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಒಂದೇ ಪ್ರಶ್ನೆ. ಅವರು ಬೇಡ ಅಂದರೆ ನಾನು ಏನು ಮಾಡುತ್ತೇನೆ?

"ಸರಿ ಅಂತ ಬಿಡುತ್ತೇನೆ, ಸ್ವಲ್ಪ ಬೇಜಾರಾಗುತ್ತದೆ" ಅಂತ ಉತ್ತರ ಬಂದರೆ ನೀವು ಒಪ್ಪಿಸಲು ಹೊರಟಿದ್ದೀರಿ. "ಮಾತು ಬಿಡುತ್ತೇನೆ, ಹಣ ಕಳಿಸುವುದು ನಿಲ್ಲಿಸುತ್ತೇನೆ, ಬೇರೆಯವರಿಗೆ ಹೇಳಿ ಮರ್ಯಾದೆ ತೆಗೆಯುತ್ತೇನೆ" ಅಂತ ಬಂದರೆ ಅದು ಬಲವಂತ, ಎಷ್ಟೇ ಮೆಲ್ಲಗೆ, ಕೈ ಹಿಡಿದುಕೊಂಡು ಮಾತಾಡಿದರೂ. ಬೇಡ ಅಂದವರಿಗೆ ದಂಡ ಉಂಟಾ ಇಲ್ಲವಾ, ನಾನು ಈಗ ನೋಡುವುದು ಇಷ್ಟನ್ನೇ. ದನಿ ಜೋರಾಗಿತ್ತೋ ಮೆಲ್ಲಗಿತ್ತೋ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ನಮ್ಮೂರಲ್ಲಿ ಬೊಬ್ಬೆ ಹೊಡೆದು ಜಗಳವಾಡಿ ಕೊನೆಗೆ "ನಿಂಗೆ ಬೇಡವಾದ್ರೆ ಬೇಡ ಮಾರಾಯ, ಚಾ ಕುಡಿ" ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಹೆದರಬೇಕಾಗಿಲ್ಲ.

ನನ್ನ ವಿಷಯದಲ್ಲಿ ದಂಡ ಮೊಮ್ಮಗಳ ರಜೆ ಆಗಿತ್ತು. ಅದು ಬಾಯಿಗೆ ಬಂದ ಹೊತ್ತಿಗೇ ನಿಲ್ಲಿಸಬೇಕಿತ್ತು.

ಹಂತ 2: ಕಾರಣ ಕೇಳಿ, ಒಂದೇ ಸಲಕ್ಕೆ ಬಿಡಬೇಡಿ

ಇದು ಎಲ್ಲದಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ, ನಾವು ಹಾರಿಸಿಬಿಡುವುದೂ ಇದನ್ನೇ.

ಮೊದಲು ಹೇಳುವ ಕಾರಣ ಸಾಮಾನ್ಯವಾಗಿ ಮಾತು ಮುಗಿಸಲು ಹೇಳಿದ್ದು. ಅಮ್ಮ ಮೊದಲು ಹೇಳಿದ್ದು "ಪ್ರಾಯ ಆಯ್ತಲ್ಲ, ಇನ್ನೆಂತಕೆ." ಅದಕ್ಕೆ ನಾನು ಭಾಷಣ ಬಿಗಿದಿದ್ದೆ. ಎರಡನೇ ಸಲ ಕೇಳಿದ್ದು ಅಂಗಳದಲ್ಲಿ ಅವಳ ಜೊತೆ ಕೂತು ಹೂ ಕಟ್ಟಲು ಪ್ರಯತ್ನಿಸುತ್ತಾ. ನಾನು ಕಟ್ಟಿದ್ದನ್ನು ಅವಳು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಕೈಯಲ್ಲಿ ಕೆಲಸ ಇದ್ದಾಗ, ಮುಖ ಮುಖ ನೋಡುವ ಅಗತ್ಯ ಇಲ್ಲದಾಗ, ಜನ ನಿಜ ಹೇಳುತ್ತಾರೆ. ಆಗ ಒಂದೊಂದೇ ಹೊರಗೆ ಬಂತು.

ಪೊರೆ ಬಲಿತ ಮೇಲೆಯೇ ತೆಗೆಯಬೇಕು ಅಂತ ಅವಳ ಲೆಕ್ಕ. ಆಪರೇಶನ್ ಆದ ಮೇಲೆ ತಿಂಗಳುಗಟ್ಟಲೆ ಒಲೆ ಹತ್ತಿರ ಹೋಗಬಾರದು, ಬಗ್ಗಬಾರದು ಅಂತ ಯಾರೋ ಹೇಳಿದ್ದರು. ಮತ್ತೆ ಎಲ್ಲದಕ್ಕಿಂತ ಕೆಳಗೆ ಇದ್ದದ್ದು ಇದು: "ಗಿಡ ಯಾರು ನೋಡ್ತಾರೆ? ಮದುವೆ ಸೀಸನಿನಲ್ಲಿ ಹೂ ಬಿಟ್ಟು ಆಸ್ಪತ್ರೆಯಲ್ಲಿ ಮಲಗ್ಲಿಕ್ಕುಂಟಾ?" ನಾನು ಗೊತ್ತು ಮಾಡಿದ್ದ ದಿನ ಏಪ್ರಿಲ್‌ನಲ್ಲಿ, ಹೂವಿಗೆ ರೇಟು ಏರಿದ ಹೊತ್ತಿಗೇ. ನನಗೆ ಅದು ಹೊಳೆಯಲೇ ಇಲ್ಲ. ಅವಳ ಬೇಡದಲ್ಲಿ ಅರ್ಧ ಭಾಗ ಬರೀ ಕ್ಯಾಲೆಂಡರಿನ ಜಗಳ.

ಕೇಳುವಾಗ "ಯಾಕೆ ಬೇಡ?" ಅನ್ನಬೇಡಿ, ಅದು ಪೊಲೀಸ್ ಸ್ಟೇಶನ್ನಿನ ಹಾಗೆ ಕೇಳುತ್ತದೆ. "ಯಾವುದು ಕಷ್ಟ ಆಗ್ತದೆ ಅಂತ ಅನ್ನಿಸ್ತದೆ?" ಅಂತ ಕೇಳಿ. ಕೇಳಿ ಸುಮ್ಮನಿರಿ. ಈ ಸುಮ್ಮನಿರುವುದು ಹೇಳಿದಷ್ಟು ಸುಲಭ ಇಲ್ಲ.

ಹಂತ 3: ಗೊತ್ತಿರುವುದನ್ನೆಲ್ಲ ಹೇಳಿ, ನಿಮಗೆ ಅಡ್ಡ ಬರುವುದನ್ನೂ

ಒಪ್ಪಿಸಲು ಹೊರಟವರು ತಮಗೆ ಬೇಕಾದ್ದನ್ನು ಮಾತ್ರ ಹೇಳುತ್ತಾರೆ. "ಏನೂ ಆಗುದಿಲ್ಲ, ಐದು ನಿಮಿಷದ ಕೆಲಸ." ಆಮೇಲೆ ಹನಿಮದ್ದಿನ ಪಟ್ಟಿ ಕೈಗೆ ಬಂದಾಗ ಎದುರಿನವರಿಗೆ ಮೋಸ ಹೋದ ಹಾಗಾಗುತ್ತದೆ, ಮುಂದಿನ ಸಲ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಮುಚ್ಚಿಟ್ಟು ಪಡೆದ ಒಪ್ಪಿಗೆಯೂ ಒಂಥರಾ ಬಲವಂತವೇ. ಅವರಿಗೆ ಗೊತ್ತಿಲ್ಲದಿರುವುದನ್ನು ನೀವು ದೊಣ್ಣೆಯ ಹಾಗೆ ಬಳಸಿದ್ದೀರಿ, ಅಷ್ಟೆ.

ನಾನು ಅಮ್ಮನಿಗೆ ಹೇಳಿದ್ದು ಹೀಗೆ. ಪೊರೆ ಬಲಿಯುವ ತನಕ ಕಾಯುವುದು ಹಳೆಯ ಕ್ರಮ, ಈಗ ಬೇಕಾಗಿಲ್ಲ. ತುಂಬಾ ಬಲಿತರೆ ತೆಗೆಯುವುದೇ ಕಷ್ಟ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಣ್ಣು, ಅದೇ ದಿನ ಮನೆಗೆ ಬರಬಹುದು. ಆದರೆ ಹನಿಮದ್ದು ಕೆಲವು ವಾರ ಬಿಡದೆ ಹಾಕಬೇಕು, ಮೊದಲ ದಿನಗಳಲ್ಲಿ ಕಣ್ಣಿಗೆ ನೀರು, ಹೊಗೆ, ಧೂಳು ತಾಗಬಾರದು, ಭಾರ ಎತ್ತಬಾರದು, ಬಚ್ಚಲ ಒಲೆ ಊದುವ ಮಾತೇ ಇಲ್ಲ. ಅಪರೂಪಕ್ಕೆ ಸೋಂಕು ಆಗುವುದೂ ಉಂಟು. ಈ ಕೊನೆಯ ವಾಕ್ಯ ಹೇಳುವಾಗ ನನಗೇ ಹೆದರಿಕೆ, ಕೆಲಸ ಕೆಟ್ಟಿತು ಅಂತ. ಕೆಡಲಿಲ್ಲ. "ಅದು ನಂಗೆ ಗೊತ್ತುಂಟು, ನೀನು ಹೇಳ್ತೀಯಾ ಅಂತ ನೋಡಿದೆ" ಅಂದಳು.

ಹಂತ 4: ಜನ ಸೇರಿಸಬೇಡಿ

ಒಬ್ಬರ ಎದುರು ಐದು ಜನ ಕೂತರೆ ಅಲ್ಲಿ ಮಾತುಕತೆ ನಡೆಯುವುದಿಲ್ಲ. ಐದೂ ಜನ ಒಳ್ಳೆಯದನ್ನೇ ಹೇಳುತ್ತಿರಬಹುದು. ಆದರೆ ಕೂತವರಿಗೆ ಕಾಣುವುದು ಬಾಗಿಲು ಎಲ್ಲಿದೆ ಅಂತ.

ಇದನ್ನು ನೋಡಬೇಕೆಂದರೆ ನಮ್ಮ ಕಡೆ ವಂತಿಗೆ ಎತ್ತುವುದನ್ನು ನೋಡಿ. ಒಬ್ಬರು ಬಂದು "ಇಂಥ ಕೆಲಸ ಉಂಟು, ನಿಮ್ಮ ಕೈಲಾದ್ದು ಕೊಡಿ" ಅಂದು ಚಾ ಕುಡಿದು ಹೋದರೆ ಅದು ಕೇಳಿದ್ದು. ಏಳೆಂಟು ಜನ ಒಟ್ಟಿಗೆ ಬಂದು, ರಶೀದಿ ಪುಸ್ತಕದಲ್ಲಿ ಮೊತ್ತ ಮೊದಲೇ ಬರೆದುಕೊಂಡು, ಪಕ್ಕದ ಮನೆಯವರು ಎಷ್ಟು ಕೊಟ್ಟರು ಅಂತ ಗಟ್ಟಿಯಾಗಿ ಓದಿ, ಕೊನೆಗೆ "ದೈವದ ಕೆಲಸ, ಇಲ್ಲ ಅನ್ನಬಾರದು" ಅಂದರೆ, ಕೊಟ್ಟವನು ಭಕ್ತಿಯಿಂದ ಕೊಟ್ಟನೋ ಹೆದರಿ ಕೊಟ್ಟನೋ ಅವನಿಗೇ ಗೊತ್ತಾಗುವುದಿಲ್ಲ. ದೈವ ದೇವರ ಹೆಸರನ್ನು ಒಪ್ಪಿಸುವ ಕೆಲಸಕ್ಕೆ ತರಲೇಬಾರದು ಅನ್ನುವುದು ನನ್ನ ಪಕ್ಷ. ಅದಕ್ಕೆ ಎದುರು ಮಾತಾಡುವ ದಾರಿ ಎದುರಿನವರಿಗೆ ಇಲ್ಲ.

ಯಾರದ್ದಾದರೂ ಮಾತು ಬೇಕೇ ಬೇಕು ಅಂದರೆ ಒಬ್ಬರನ್ನು ಕರೆಯಿರಿ. ಅದೂ ಆ ಅನುಭವ ಆದವರನ್ನು. ಪಕ್ಕದ ಮನೆಯ ಅಕ್ಕನಿಗೆ ಹಿಂದಿನ ವರ್ಷ ಪೊರೆ ಆಪರೇಶನ್ ಆಗಿತ್ತು. ಅವರು ನಮ್ಮಲ್ಲಿಗೆ ಬಂದು ಮಾತಾಡಿದ್ದು ಅರ್ಧ ಗಂಟೆ, ಅದರಲ್ಲಿ ಇಪ್ಪತ್ತು ನಿಮಿಷ ಆಸ್ಪತ್ರೆಯ ಕ್ಯಾಂಟೀನಿನ ಇಡ್ಲಿ ಬಗ್ಗೆ. ಮಾವನ ಫೋನಿಗಿಂತ ಅದು ಜಾಸ್ತಿ ಕೆಲಸ ಮಾಡಿತು.

ಹಂತ 5: ಈ ಮಾತುಗಳನ್ನು ಬಾಯಿಂದ ತೆಗೆದುಬಿಡಿ

"ನಾನು ಸತ್ತ ಮೇಲೆ ಗೊತ್ತಾಗ್ತದೆ ನಿನಗೆ." "ಹಾಗಾದ್ರೆ ನಾನು ಇವತ್ತಿಂದ ಊಟ ಮಾಡುದಿಲ್ಲ." "ಇಷ್ಟೆಲ್ಲ ಮಾಡಿದ್ದಕ್ಕೆ ಇದಾ?" ಇವು ಪ್ರೀತಿಯ ಮಾತಿನ ವೇಷ ಹಾಕಿಕೊಂಡು ಬರುತ್ತವೆ. ಹೇಳಿದವರಿಗೂ ತಾವು ಬೆದರಿಸಿದ್ದು ಅಂತ ಅನ್ನಿಸುವುದಿಲ್ಲ.

ಮಾತಲ್ಲವಾ, ಇದರಲ್ಲೇನು ಅಂದುಕೊಳ್ಳುವವರಿಗೆ ಒಂದು ಹಳೆಯ ಕೇಸು ಹೇಳುತ್ತೇನೆ. ಒಬ್ಬ ಗಂಡ, ಆಸ್ತಿಯ ಹಕ್ಕನ್ನು ತನ್ನ ಒಡಹುಟ್ಟಿದವರ ಕಡೆಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕದಿದ್ದರೆ ಸಾಯುತ್ತೇನೆ ಅಂತ ಹೆಂಡತಿಗೂ ಮಗನಿಗೂ ಹೆದರಿಸಿದ. ಅವರು ಸಹಿ ಹಾಕಿದರು. ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. ನಮ್ಮ ಜಿಲ್ಲೆಯೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. 1917ರ ಆ ತೀರ್ಪಿನಲ್ಲಿ, ಸಾಯುತ್ತೇನೆ ಅನ್ನುವ ಬೆದರಿಕೆಯಿಂದ ಪಡೆದ ಸಹಿ ಬಲವಂತದ ಸಹಿಯೇ ಅಂತ ಆಯಿತು. ಅಂದರೆ ನೂರು ವರ್ಷದ ಹಿಂದೆಯೇ ಇದು ತೀರ್ಮಾನವಾಗಿದೆ, ನಾವು ಮಾತ್ರ ಇನ್ನೂ ರಾತ್ರಿ ಊಟ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇವೆ.

ಒಂದು ಮಾತು. ಯಾರಾದರೂ ಹಾಗೆ ಹೇಳಿದರೆ ಬರೀ ನಾಟಕ ಅಂತ ತಳ್ಳಿಹಾಕಬೇಡಿ. ನಿಜವಾಗಿಯೂ ನೊಂದವರೂ ಇರುತ್ತಾರೆ. ಜೊತೆಗೆ ಕೂತು ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಹಿ, ಆಸ್ತಿ, ಮದುವೆಯ ವಿಷಯವನ್ನು ಮಾತ್ರ ಆ ಹೊತ್ತಿನಲ್ಲಿ ತೀರ್ಮಾನ ಮಾಡಬೇಡಿ.

ಹಂತ 6: ಹೇಳಿ ಮುಗಿಸಿ, ಎದ್ದು ಬನ್ನಿ

ಒಂದೇ ವಿಷಯವನ್ನು ದಿನಕ್ಕೆ ಮೂರು ಸಲ ಹೇಳಿದರೆ ಕೊನೆಗೆ "ಆಯ್ತು ಮಾರಾಯ, ಮಾಡು" ಅನ್ನುತ್ತಾರೆ. ಅದು ಒಪ್ಪಿಗೆಯಲ್ಲ, ಸುಸ್ತು. ನಾನೀಗ ಪಾಲಿಸುವುದು ಇದು: ಒಂದು ಸಲ ಪೂರ್ತಿ ಹೇಳುವುದು. ಮತ್ತೆ ಯಾವಾಗ ಕೇಳಬಹುದು ಅಂತ ಅವರನ್ನೇ ಕೇಳುವುದು. ಆ ದಿನದವರೆಗೆ ಬಾಯಿ ಬಿಡದಿರುವುದು. ಹೊಸ ವಿಷಯ ಏನಾದರೂ ಗೊತ್ತಾದರೆ ಮಾತ್ರ ನಡುವೆ ಹೇಳಬಹುದು.

ಅಮ್ಮ ಅವತ್ತು ಹೇಳಿದ್ದು, "ಆಟಿಯಲ್ಲಿ ನೋಡುವ." ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಮದುವೆ ಇಲ್ಲ, ಶುಭಕಾರ್ಯ ಇಲ್ಲ, ಹೂವಿಗೆ ಕೇಳುವವರು ಕಮ್ಮಿ. ಗಿಡದಿಂದ ಒಂದೆರಡು ವಾರ ದೂರ ಇದ್ದರೂ ನಷ್ಟ ಜಾಸ್ತಿ ಇಲ್ಲ. ಅಷ್ಟು ಸರಿಯಾದ ದಿನವನ್ನು ನಾನು ಯಾವ ಕಾಲಕ್ಕೂ ಹುಡುಕುತ್ತಿರಲಿಲ್ಲ. ಮೇ, ಜೂನ್ ಎರಡು ತಿಂಗಳು ಕಣ್ಣಿನ ವಿಷಯ ಎತ್ತದೆ ಕಳೆದೆ. ಬಹಳ ಕಷ್ಟ ಆಯಿತು, ಸುಳ್ಳು ಹೇಳುವುದಿಲ್ಲ.

ಹಂತ 7: ಬಲವಂತ ಮಾಡಲೇಬೇಕಾದ ಜಾಗ

ಎಲ್ಲದಕ್ಕೂ ಹೀಗೆ ಕಾದು ಕೂರಲು ಆಗುವುದಿಲ್ಲ. ಕುಡಿದವನ ಕೈಯಿಂದ ಬೈಕಿನ ಕೀ ಕಿತ್ತುಕೊಳ್ಳಬೇಕು. ಮಳೆಗಾಲದಲ್ಲಿ ಮಲ್ಪೆಯಲ್ಲಿ ನೀರಿಗಿಳಿಯುವವರನ್ನು ಎಳೆದು ತರಬೇಕು. ಜ್ವರ ಏರಿದ ಮಗುವಿಗೆ ಮದ್ದು ಕುಡಿಸಬೇಕು, ಅದು ಉಗುಳಿದರೂ. ಇಲ್ಲಿ ತಪ್ಪಾಗುವುದು ಬೇರೆ ಕಡೆ. ಬಲವಂತ ಮಾಡಿ, ಆಮೇಲೆ "ನೀನೇ ಒಪ್ಪಿದ್ದಲ್ಲ" ಅಂತ ಹೇಳಿಸಿಕೊಳ್ಳಲು ನೋಡುತ್ತೇವೆ. ಬೇಡ. "ನಿನಗೆ ಇಷ್ಟ ಇರಲಿಲ್ಲ, ಆದರೂ ನಾನು ಮಾಡಿದೆ, ಇಂಥ ಕಾರಣಕ್ಕೆ" ಅಂತ ಬಾಯಿಬಿಟ್ಟು ಹೇಳಿ. ಸಿಟ್ಟು ಮಾಡಿಕೊಂಡರೆ ಬೈಸಿಕೊಳ್ಳಿ. ಮತ್ತೆ, ಆ ಅಪಾಯ ಮುಗಿದ ಕೂಡಲೇ ಬಲವಂತವೂ ಮುಗಿಯಬೇಕು. ಕೀ ಮರುದಿನ ಬೆಳಗ್ಗೆ ವಾಪಸ್ ಕೊಡಬೇಕು, ಅಲ್ವಾ.

ಹಂತ 8: ಸಹಿ ಹಾಕಿಸುವಾಗ

ಇಲ್ಲಿ ಬರೀ ಮನಸ್ಸು ನೋಯುವ ಪ್ರಶ್ನೆ ಇಲ್ಲ, ಕಾನೂನೂ ಇದೆ. 1872ರ ಭಾರತೀಯ ಕರಾರು ಕಾಯಿದೆ ಮುಕ್ತ ಒಪ್ಪಿಗೆ ಬೇಕು ಅನ್ನುತ್ತದೆ. ಬೆದರಿಕೆಯಿಂದ ಪಡೆದ ಒಪ್ಪಿಗೆ 15ನೇ ಸೆಕ್ಷನ್ನಿನಲ್ಲಿ ಬರುತ್ತದೆ. 16ನೆಯದ್ದು ಇನ್ನೂ ನಾಜೂಕಿನದ್ದು. ಕೈ ಎತ್ತಬೇಕೆಂದಿಲ್ಲ, ಬೆದರಿಸಬೇಕೆಂದೂ ಇಲ್ಲ; ಒಬ್ಬರು ಇನ್ನೊಬ್ಬರ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದು, ಅದನ್ನು ಬಳಸಿ ಅನ್ಯಾಯದ ಲಾಭ ಪಡೆದರೆ ಸಾಕು. ಪ್ರಾಯ, ಕಾಯಿಲೆಯಿಂದ ಬುದ್ಧಿ ಕುಂದಿದವರಿಂದ ಸಹಿ ಹಾಕಿಸುವುದೂ ಇದರಲ್ಲೇ ಬರುತ್ತದೆ. ಅಂಥ ಕರಾರನ್ನು ನೊಂದವರು ಕೋರ್ಟಿನಲ್ಲಿ ರದ್ದು ಮಾಡಿಸಬಹುದು.

ನಮ್ಮಲ್ಲಿ ಜಾಸ್ತಿ ಕಾಣುವುದು ಎರಡು. ಒಂದು, ತಂಗಿಯರಿಂದ ಹಕ್ಕುಬಿಡುಗಡೆ. "ಎಲ್ಲ ಸಹಿ ಹಾಕಿದ್ದಾರೆ, ನಿನ್ನದೊಂದೇ ಬಾಕಿ, ಗಾಡಿ ಹೊರಗೆ ನಿಂತಿದೆ." ಇನ್ನೊಂದು, ಪ್ರಾಯದ ತಂದೆ ತಾಯಿಯಿಂದ ದಾನಪತ್ರ. ನೀವು ನಿಜವಾಗಿ ಒಪ್ಪಿಸುವವರೇ ಆಗಿದ್ದರೆ ಕಾಗದದ ಪ್ರತಿಯನ್ನು ಕೆಲವು ದಿನ ಮೊದಲೇ ಅವರ ಕೈಗೆ ಕೊಡಿ, ಅವರಿಗೆ ಬೇಕಾದ ವಕೀಲರಿಗೆ ತೋರಿಸಲಿ, ನೋಂದಣಿ ಕಚೇರಿಗೆ ಅವರು ಹೇಳಿದ ದಿನ ಹೋಗಿ. ಇದರಲ್ಲಿ ಯಾವುದಾದರೂ ಒಂದಕ್ಕೆ ನಿಮ್ಮ ಮನಸ್ಸು ಹಿಂಜರಿದರೆ ಹಂತ ಒಂದಕ್ಕೆ ವಾಪಸ್ ಹೋಗಿ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಸೆಕ್ಷನ್ನಿನಲ್ಲಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಹಿರಿಯರಿಗೆ 14567, ಉಚಿತ ಕಾನೂನು ನೆರವಿಗೆ 15100, ಈ ಎರಡು ನಂಬರ್ ಮನೆಯ ಗೋಡೆಯಲ್ಲಿರಲಿ.

ಹಂತ 9: ಒತ್ತಾಯ ನಿಮ್ಮ ಮೇಲೆಯೇ ಬಂದಾಗ

ಚಿಕ್ಕದಾಗಿ ಹೇಳುತ್ತೇನೆ. ಯಾರಾದರೂ ನಿಮಗೆ ಏನನ್ನೋ ಒಪ್ಪಿಸುತ್ತಿದ್ದಾರೆ ಅಂದರೆ "ನಾಳೆ ಹೇಳುತ್ತೇನೆ" ಅಂದು ನೋಡಿ. ನಾಳೆಯ ತನಕ ಕಾಯಲು ಆಗದವರು ಏನೋ ಮುಚ್ಚಿಡುತ್ತಿದ್ದಾರೆ. ಸಾಲಕ್ಕೆಂದು ಹೋದಲ್ಲಿ ಲೈಫ್ ಇನ್ಶೂರೆನ್ಸ್ ಪಾಲಿಸಿ ಅಂಟಿಸಿದ್ದರೆ, ಪಾಲಿಸಿ ಪತ್ರ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡುವ ಅವಕಾಶ 2024ರ ನಿಯಮದಲ್ಲಿದೆ, ಸಣ್ಣ ಕಡಿತ ಬಿಟ್ಟು ಹಣ ಬರುತ್ತದೆ. ವಿಡಿಯೋ ಕಾಲಿನಲ್ಲಿ ಪೊಲೀಸ್ ಡ್ರೆಸ್ ಹಾಕಿ "ಡಿಜಿಟಲ್ ಅರೆಸ್ಟ್" ಅನ್ನುವವರು ಮಾಡುವುದೂ ಇದೇ: ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ, ಈಗಲೇ ಹಣ ಹಾಕಿ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲಿ ಇಲ್ಲ. ಫೋನ್ ಇಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ.

ಮನೆಯವರ ಒತ್ತಾಯಕ್ಕೆ ಹೆಲ್ಪ್‌ಲೈನ್ ಹಿಡಿಯಬೇಕೆಂದಿಲ್ಲ. "ಬೇಡ" ಅಂತ ಹೇಳಿ, ಕಾರಣ ಒಂದು ಕೊಡಿ, ಹತ್ತು ಕೊಡಬೇಡಿ. ಹತ್ತು ಕೊಟ್ಟರೆ ಒಂದೊಂದನ್ನೇ ಬಿಡಿಸಲು ಕೂರುತ್ತಾರೆ.

ಅಮ್ಮನ ಎಡಗಣ್ಣಿನ ಆಪರೇಶನ್ ಆಟಿಯಲ್ಲಿ ಆಯಿತು. ಅದೇ ಡಾಕ್ಟರು, ಅದೇ ಪ್ರಶ್ನೆ. ಈ ಸಲ "ಹೌದು, ಬೇಗ ಮುಗಿಸಿ, ಮಳೆ ಬಿಟ್ಟಿದೆ, ಗಿಡ ನೋಡ್ಬೇಕು" ಅಂದಳು. ಗಿಡಕ್ಕೆ ಎರಡು ವಾರ ಪಕ್ಕದ ಮನೆಯ ಅಕ್ಕ ಬಂದರು, ಸಿಕ್ಕಿದ ಹೂ ಅವರಿಗೇ ಅಂತ ಅಮ್ಮನೇ ಮಾತಾಡಿಕೊಂಡಿದ್ದಳು. ಬಲಗಣ್ಣಿನ ಬಗ್ಗೆ ಹೋದ ತಿಂಗಳು ಒಂದು ಸಲ ಕೇಳಿದ್ದೇನೆ. ಒಂದರಲ್ಲಿ ಕಾಣ್ತದಲ್ಲ, ಈ ವರ್ಷ ಬೇಡ ಅಂದಳು. ಮತ್ತೆ ಯಾವಾಗ ಕೇಳಲಿ ಅಂದೆ. ದೀಪಾವಳಿ ಕಳೀಲಿ, ಅಂದಳು.